ಒಣಗಿದ ಹಳ್ಳ ಸತ್ತ ಹಳ್ಳವಲ್ಲ

ನಮ್ಮ ಶಾಲೆಯ ಹಿಂದಿನ ಗದ್ದೆ ದಾಟಿದರೆ ಒಂದು ಹಳ್ಳ ಸಿಗುತ್ತದೆ. ಸಾಗರ ಸೀಮೆಯ ನೂರಾರು ಹಳ್ಳಗಳಂತೆ ಇದಕ್ಕೂ ಭೂಪಟದಲ್ಲಿ ಹೆಸರಿಲ್ಲ. ಗುಡ್ಡದ ಕಾಡಿನಲ್ಲಿ ಹುಟ್ಟಿ, ಅಡಿಕೆ ತೋಟಗಳ ನಡುವೆ ನುಸುಳಿ ಶರಾವತಿಯ ಕಡೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ಅದನ್ನು ದಾಟಲು ಸಂಕ ಬೇಕು. ಬೇಸಿಗೆಯಲ್ಲಿ ಮಕ್ಕಳು ಒಂದೇ ನೆಗೆತಕ್ಕೆ ದಾಟುತ್ತಾರೆ. ಆದರೂ ಯುಗಾದಿ ಕಳೆದ ಮೇಲೂ ಪಾದ ಮುಳುಗುವಷ್ಟು ನೀರು ಅದರಲ್ಲಿ ಹರಿಯುತ್ತಿತ್ತು.

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಅದರ ಮುಂದಿನ ಬೇಸಿಗೆಯಲ್ಲಿ, ಮಾರ್ಚ್ ಮೊದಲ ವಾರಕ್ಕೇ ನಮ್ಮ ಹಳ್ಳದ ಹರಿವು ನಿಂತುಹೋಯಿತು. ಪ್ರತಿವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ, ಸೂಕ್ಷ್ಮದರ್ಶಕದಲ್ಲಿ ನೋಡಲು ಪಾಚಿ ತರುವುದು ನನ್ನ ರೂಢಿ. ಆ ಸಲ ಹೋದಾಗ ಹಳ್ಳದಲ್ಲಿ ಇದ್ದದ್ದು ಬರೀ ಕಲ್ಲು, ತರಗೆಲೆ ಮತ್ತು ಹೊಳೆಮತ್ತಿ ಮರದ ಬುಡದಲ್ಲಿ ಒಂದು ಗುಂಡಿ ನೀರು.

ಒಬ್ಬ ಹುಡುಗಿ ಅಂಗೈ ಅಗಲದ ಕಲ್ಲೊಂದನ್ನು ಎತ್ತಿಕೊಂಡಳು. ಅದರ ಮೇಲೆ ಒಣಗಿದ ಬಣ್ಣದಂತೆ ಕಪ್ಪು ಕಂದು ಹಕ್ಕಳೆ ಕಟ್ಟಿತ್ತು. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. "ಸಾರ್, ಪಾಚಿ ಎಲ್ಲ ಸತ್ತೇ ಹೋಯ್ತಾ?" ಎಂದು ಕೇಳಿದಳು.

"ನೋಡೋಣ, ಆ ಕಲ್ಲನ್ನು ತಗೊಂಡು ಬಾ" ಎಂದೆ. ಆ ಕಲ್ಲಿಗೆ ಏನಾಯಿತೆಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಹಸಿಯಾಗಿದ್ದಾಗ ಆ ಕಲ್ಲಿನ ಮೇಲೆ ಏನಿತ್ತು ಎಂಬುದನ್ನು ತಿಳಿಯಬೇಕು.

ಕಲ್ಲಿನ ಮೇಲೊಂದು ಊರು

ಹಳ್ಳದಲ್ಲಿ ಕಾಲಿಟ್ಟು ಜಾರಿ ಬೀಳದವರು ಯಾರಿದ್ದಾರೆ? ಹಾಗೆ ಜಾರಿಸುವ ಲೋಳೆಗೆ ನಾವೆಲ್ಲ ಪಾಚಿ ಎಂಬ ಒಂದೇ ಹೆಸರು ಇಟ್ಟಿದ್ದೇವೆ. ಬರಿಗಣ್ಣಿಗೆ ಅದು ಕಂದು ಅಥವಾ ಹಸಿರು ಬಣ್ಣದ ಲೇಪ, ಅಷ್ಟೆ. ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅಲ್ಲಿ ಒಂದು ಊರೇ ಕಾಣುತ್ತದೆ.

ಕಂದು ಲೇಪದಲ್ಲಿ ಹೆಚ್ಚಾಗಿ ಇರುವವರು ಡಯಾಟಮ್‌ಗಳು. ಇವು ಒಂದೇ ಕೋಶದ ಜೀವಿಗಳು. ಸಿಲಿಕಾದಿಂದ ಮಾಡಿದ ಎರಡು ಚಿಪ್ಪುಗಳು ಡಬ್ಬಿ ಮತ್ತು ಮುಚ್ಚಳದಂತೆ ಒಂದರ ಮೇಲೊಂದು ಕೂತು ಕೋಶವನ್ನು ಕಾಯುತ್ತವೆ. ಒಂದು ಮಿಲಿಮೀಟರ್ ಉದ್ದದಲ್ಲಿ ಹತ್ತಾರು ಡಯಾಟಮ್‌ಗಳನ್ನು ಸಾಲಾಗಿ ನಿಲ್ಲಿಸಬಹುದು. ಕೆಲವು ಕಲ್ಲಿಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತವೆ. ಕೆಲವು ಲೋಳೆಯ ತೊಟ್ಟಿನ ಮೇಲೆ ನಿಲ್ಲುತ್ತವೆ. ದೋಣಿಯಾಕಾರದ ಇನ್ನು ಕೆಲವು ಮೆಲ್ಲಗೆ ಜಾರಿ ಚಲಿಸುತ್ತವೆ.

ಎರಡನೆಯ ಗುಂಪು ಹಸಿರು ಪಾಚಿಗಳದ್ದು. ಪಿಯುಸಿ ಓದಿದವರಿಗೆ ಸ್ಪೈರೋಗೈರಾ ಗೊತ್ತಿರುತ್ತದೆ. ಕೂದಲಿನಂತಹ ಎಳೆ, ಒಳಗೆ ಸುರುಳಿ ಸುತ್ತಿದ ಹಸಿರು ಪಟ್ಟಿ. ಎಳೆಯಾಗದೆ ಕಲ್ಲಿನ ಮೇಲೆ ಹೊಪ್ಪಳೆಯಂತೆ ಗಟ್ಟಿಯಾಗಿ ಬೆಳೆಯುವ ಹಸಿರು ಪಾಚಿಗಳೂ ಉಂಟು. ಮೂರನೆಯದು ನೀಲಿ-ಹಸಿರು ಪಾಚಿ. ವಾಸ್ತವವಾಗಿ ಇವು ಪಾಚಿಗಳಲ್ಲ, ದ್ಯುತಿಸಂಶ್ಲೇಷಣೆ ನಡೆಸುವ ಬ್ಯಾಕ್ಟೀರಿಯಾಗಳು. ಆದ್ದರಿಂದ ವಿಜ್ಞಾನಿಗಳು ಇವನ್ನು ಸಯನೋಬ್ಯಾಕ್ಟೀರಿಯಾ ಎನ್ನುತ್ತಾರೆ. ಹಳೆಯ ಹೆಸರು ಮಾತ್ರ ಬಳಕೆಯಲ್ಲಿ ಉಳಿದಿದೆ.

ಯಾವ ಜಾತಿಗಳು, ಯಾವ ಪ್ರಮಾಣದಲ್ಲಿ ಒಟ್ಟಿಗೆ ಬದುಕುತ್ತಿವೆ ಎಂಬುದಕ್ಕೆ ಸಮುದಾಯ ಎನ್ನುತ್ತಾರೆ. ಹಳ್ಳದ ಊಟದ ವ್ಯವಸ್ಥೆ ಬಹುಪಾಲು ನಿಂತಿರುವುದು ಈ ಸಮುದಾಯದ ಮೇಲೆ ಮತ್ತು ಮೇಲಿನ ಮರಗಳಿಂದ ಬೀಳುವ ತರಗೆಲೆಯ ಮೇಲೆ. ಕಲ್ಲಿಗೆ ಬಾಯಿ ಹಚ್ಚಿ ಕೆರೆಯುವ ಗಾರಾ ಜಾತಿಯ ಮೀನುಗಳು, ಬಸವನಹುಳು, ಮೇ ಫ್ಲೈ ಎಂಬ ಕೀಟದ ಮರಿಹುಳು, ಮರಳಿನ ಕಣಗಳನ್ನು ಅಂಟಿಸಿ ಕೊಳವೆಯ ಮನೆ ಕಟ್ಟಿಕೊಳ್ಳುವ ಕ್ಯಾಡಿಸ್ ಕೀಟದ ಮರಿ ಎಲ್ಲವೂ ಈ ಲೇಪವನ್ನೇ ಮೇಯುತ್ತವೆ. ಪಶ್ಚಿಮ ಘಟ್ಟದಲ್ಲಿ ಮಾತ್ರ ಸಿಗುವ ಇಂಡಿರಾನಾ ಎಂಬ ಕಪ್ಪೆಗಳ ಗೊದಮೊಟ್ಟೆಗಳು ಇನ್ನೂ ವಿಚಿತ್ರ. ಅವು ನೀರಿನೊಳಗೆ ಈಜುವುದಕ್ಕಿಂತ ನೀರು ಜಿನುಗುವ ಬಂಡೆಯ ಮೇಲೆ ಅಂಟಿಕೊಂಡು ಅಲ್ಲಿನ ಪಾಚಿ ಕೆರೆದು ತಿಂದೇ ಬೆಳೆಯುತ್ತವೆ. ಬಂಡೆಯ ಜಿನುಗು ನಿಂತರೆ ಅವುಗಳ ಊಟವೂ ಹೋಯಿತು, ಮನೆಯೂ ಹೋಯಿತು.

ಬರ ಇಳಿಯುವ ಮೆಟ್ಟಿಲು

ಪ್ರವಾಹ ಬರುವುದು ಎಲ್ಲರಿಗೂ ಗೊತ್ತಾಗುತ್ತದೆ. ಒಂದು ರಾತ್ರಿಯಲ್ಲಿ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಗಿಬಿಡುತ್ತದೆ. ಬರ ಹಾಗಲ್ಲ. ಅದು ಇಳಿಜಾರಿನಂತೆ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿ ಪಿ.ಎಸ್. ಲೇಕ್ ವಿವರಿಸಿದ್ದಾರೆ. ಅದೇ ದೇಶದ ಆಂಡ್ರ್ಯೂ ಬೌಲ್ಟನ್ 2003ರಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ನೀರು ಒಂದೇ ಸಮನೆ ಇಳಿದರೂ ಜೀವಿಗಳ ಪಾಲಿಗೆ ಬರುವ ಬದಲಾವಣೆ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಒಂದೊಂದು ಮೆಟ್ಟಿಲು ಇಳಿದಾಗಲೂ ಒಂದೊಂದು ಗುಂಪು ತನ್ನ ನೆಲೆ ಕಳೆದುಕೊಳ್ಳುತ್ತದೆ.

ಮೊದಲ ಮೆಟ್ಟಿಲಿನಲ್ಲಿ ನೀರು ದಡವನ್ನು ಬಿಟ್ಟು ನಡುವಿಗೆ ಸರಿಯುತ್ತದೆ. ಅಂಚಿನ ಬೇರು, ಹುಲ್ಲು, ಕಲ್ಲುಗಳ ಮೇಲಿನ ಪಾಚಿಗೆ ಬಿಸಿಲು ತಾಗುತ್ತದೆ. ನಡುವೆ ಉಳಿದ ನೀರು ತೆಳುವಾಗಿ, ನಿಧಾನವಾಗಿ, ಬೆಚ್ಚಗೆ ಹರಿಯತೊಡಗುತ್ತದೆ. ತಳಕ್ಕೆ ಬೆಳಕು ಚೆನ್ನಾಗಿ ಬೀಳುತ್ತದೆ. ನೀರು ಕಡಿಮೆಯಾದಂತೆ ಅದರಲ್ಲಿ ಕರಗಿದ ಸಾರಜನಕ, ರಂಜಕಗಳ ಅಂಶ ದಟ್ಟವಾಗುವುದೂ ಉಂಟು. ಹೀಗಾಗಿ ಬರದ ಆರಂಭದಲ್ಲಿ ಪಾಚಿ ಕಡಿಮೆಯಾಗುವ ಬದಲು ಹೆಚ್ಚಾಗಿ ಕಾಣುತ್ತದೆ! ಫೆಬ್ರವರಿಯಲ್ಲಿ ನಮ್ಮ ಹಳ್ಳದ ತುಂಬ ಹಸಿರು ಎಳೆಗಳ ಜಡೆ ತೇಲುತ್ತಿದ್ದುದನ್ನು ಕಂಡು ಮಕ್ಕಳು "ಈ ವರ್ಷ ಪಾಚಿ ಜಾಸ್ತಿ ಸಾರ್" ಎಂದಿದ್ದರು. ಜಾಸ್ತಿಯಾದದ್ದು ನಿಧಾನದ ನೀರನ್ನು ಇಷ್ಟಪಡುವ ಎಳೆ ಪಾಚಿ. ವೇಗದ ನೀರಿನಲ್ಲಿ ಕಲ್ಲಿಗಂಟಿ ಬಾಳುವ ಜಾತಿಗಳಿಗೆ ಅಷ್ಟರಲ್ಲೇ ಕಷ್ಟಕಾಲ ಶುರುವಾಗಿತ್ತು.

ಎರಡನೆಯ ಮೆಟ್ಟಿಲಿನಲ್ಲಿ ಹರಿವು ತುಂಡಾಗುತ್ತದೆ. ಕಲ್ಲುಗಳ ಮೇಲೆ ಜುಳುಜುಳು ಹರಿಯುತ್ತಿದ್ದ ಜಾಗಗಳು ಮೊದಲು ಒಣಗುತ್ತವೆ. ಗುಂಡಿಗಳು ಮಾತ್ರ ಅಲ್ಲೊಂದು ಇಲ್ಲೊಂದು ಉಳಿಯುತ್ತವೆ. ಹಗಲು ಪಾಚಿ ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕ ಬಿಡುತ್ತದೆ. ರಾತ್ರಿ ಪಾಚಿ, ಮೀನು, ಕೊಳೆಯುವ ಎಲೆಯ ಮೇಲಿನ ಬ್ಯಾಕ್ಟೀರಿಯಾ ಎಲ್ಲವೂ ಅದೇ ಆಮ್ಲಜನಕವನ್ನು ಬಳಸುತ್ತವೆ. ಹರಿವಿಲ್ಲದ ನೀರಿಗೆ ಗಾಳಿಯಿಂದ ಆಮ್ಲಜನಕ ಸೇರುವುದು ನಿಧಾನ. ಬೆಳಗಿನ ಜಾವ ಗುಂಡಿಯ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುವುದು ಇದಕ್ಕೇ.

ಮೂರನೆಯ ಮೆಟ್ಟಿಲಿಗೆ ಗುಂಡಿಯೂ ಬತ್ತುತ್ತದೆ. ಮರಳಿನಡಿಯ ತೇವ ಮಾತ್ರ ಉಳಿಯುತ್ತದೆ. ಕೊನೆಗೆ ಅದೂ ಆಳಕ್ಕೆ ಇಳಿಯುತ್ತದೆ.

ಪ್ರತಿ ಬೇಸಿಗೆಯಲ್ಲೂ ಒಣಗುವ ಹಳ್ಳಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿನ ಪಾಚಿಗಳಿಗೆ ಒಣಗುವುದು ಅಭ್ಯಾಸವಾಗಿಬಿಟ್ಟಿದೆ. ನಿಜವಾದ ಪೆಟ್ಟು ಬೀಳುವುದು ವರ್ಷವಿಡೀ ಹರಿಯುತ್ತಿದ್ದ ಹಳ್ಳ ನಿಂತಾಗ, ಇಲ್ಲವೇ ಮೇ ತಿಂಗಳಲ್ಲಿ ಒಣಗಬೇಕಾದ ಹಳ್ಳ ಮಾರ್ಚ್‌ನಲ್ಲೇ ಒಣಗಿದಾಗ.

ಒಣಗಿಯೂ ಬದುಕುವ ಉಪಾಯ

ಜೀವಕೋಶದಲ್ಲಿ ನೀರೇ ಹೆಚ್ಚು. ಅದು ಹೋದರೆ ಕೋಶದ ಪೊರೆ ಬಿರಿಯುತ್ತದೆ, ಪ್ರೋಟೀನುಗಳು ಆಕಾರ ಕಳೆದುಕೊಳ್ಳುತ್ತವೆ. ಪತ್ರಹರಿತ್ತಿನ ಮೇಲೆ ಬಿಸಿಲು ಬೀಳುತ್ತಲೇ ಇರುತ್ತದೆ, ಆದರೆ ಆ ಶಕ್ತಿಯನ್ನು ಬಳಸಿಕೊಳ್ಳಲು ನೀರಿಲ್ಲ. ಬಳಕೆಯಾಗದ ಶಕ್ತಿ ಕೋಶವನ್ನೇ ಸುಡುತ್ತದೆ. ಇದನ್ನು ತಪ್ಪಿಸಿಕೊಳ್ಳಲು ಪಾಚಿಗಳು ಬೇರೆ ಬೇರೆ ದಾರಿ ಹಿಡಿದಿವೆ.

ಸ್ಪೈರೋಗೈರಾದ ಎರಡು ಎಳೆಗಳು ಅಕ್ಕಪಕ್ಕ ಬಂದು ಏಣಿಯ ಮೆಟ್ಟಿಲಿನಂತೆ ಸೇತುವೆ ಕಟ್ಟಿಕೊಂಡು, ಒಂದರ ಕೋಶದ್ರವ್ಯ ಇನ್ನೊಂದಕ್ಕೆ ಹರಿದು, ದಪ್ಪ ಗೋಡೆಯ ಜೈಗೋಸ್ಪೋರ್ ಆಗುವುದನ್ನು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಪರೀಕ್ಷೆಗಾಗಿ ಚಿತ್ರ ಬರೆದು ಮರೆತಿರುತ್ತೀರಿ. ಆ ದಪ್ಪ ಗೋಡೆ ಇರುವುದು ಇಂಥ ದಿನಗಳಿಗೆ. ಎಳೆ ಸಾಯುತ್ತದೆ, ಬೀಜದಂಥ ಆ ಗುಂಡು ಕೆಸರಿನಲ್ಲಿ ಉಳಿಯುತ್ತದೆ.

ಡಯಾಟಮ್‌ಗಳ ಸ್ಥಿತಿ ಬೇರೆ. ಗಾಜಿನ ಚಿಪ್ಪಿದ್ದರೂ ಹೆಚ್ಚಿನವು ಬೇಗ ಒಣಗಿದರೆ ತಡೆಯಲಾರವು. ಚಲಿಸಬಲ್ಲವು ಮರಳಿನ ಸಂದಿಗೆ, ತೇವ ಇರುವ ಕಡೆಗೆ ಇಳಿಯುತ್ತವೆ. ಉಳಿದವು ದಪ್ಪ ಲೋಳೆಯ ಅಡಿಯಲ್ಲಿ, ಕಲ್ಲಿನ ನೆರಳಿನ ಮಗ್ಗುಲಲ್ಲಿ, ಒದ್ದೆ ತರಗೆಲೆಯ ಮಡಿಕೆಯಲ್ಲಿ ಜೀವ ಹಿಡಿದುಕೊಂಡಿರುತ್ತವೆ. ನೀರು ಮೆಲ್ಲಗೆ ಇಳಿದರೆ ಇವಕ್ಕೆ ಸಿದ್ಧವಾಗಲು ಸಮಯ ಸಿಗುತ್ತದೆ. ಒಮ್ಮೆಗೇ ಇಳಿದರೆ ಸಿಗುವುದಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಣಗಿ ಬದುಕುವುದರಲ್ಲಿ ಎಲ್ಲರನ್ನೂ ಮೀರಿಸಿದವು ನೀಲಿ-ಹಸಿರು ಪಾಚಿಗಳು. ಅದರಲ್ಲೂ ನಾಸ್ಟಾಕ್. ಇದರ ಕೋಶಗಳು ಮಣಿಸರದಂತೆ ಲೋಳೆಯೊಳಗೆ ಹುದುಗಿರುತ್ತವೆ. ಒಣಗಿದಾಗ ಲೋಳೆ ಗಟ್ಟಿಯಾಗಿ ಕವಚವಾಗುತ್ತದೆ. ಟ್ರೆಹಲೋಸ್ ಎಂಬ ಸಕ್ಕರೆ ಕೋಶದ ಪೊರೆ ಮತ್ತು ಪ್ರೋಟೀನುಗಳು ಕೆಡದಂತೆ ಹಿಡಿದಿಡುತ್ತದೆ. ಕವಚದಲ್ಲಿರುವ ಸೈಟೋನೆಮಿನ್ ಎಂಬ ಹಳದಿ-ಕಂದು ಬಣ್ಣ ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಛತ್ರಿಯ ಕೆಲಸ ಮಾಡುತ್ತದೆ. ಒಣ ಕಲ್ಲಿನ ಮೇಲಿನ ಹಕ್ಕಳೆ ಸುಟ್ಟಂತೆ ಕಪ್ಪಗೆ ಕಾಣಲು ಇಂಥ ಬಣ್ಣಗಳೂ ಒಂದು ಕಾರಣ. ಸಸ್ಯ ಸಂಗ್ರಹಾಲಯದಲ್ಲಿ 107 ವರ್ಷ ಒಣಗಿ ಕೂತಿದ್ದ ನಾಸ್ಟಾಕ್ ಮಾದರಿಯೊಂದು ಮತ್ತೆ ಬೆಳೆಯಿತೆಂದು 1962ರಲ್ಲಿ ವರದಿಯಾಗಿದೆ.

ಇಪ್ಪತ್ತು ವರ್ಷದ ನಿದ್ದೆ

ಸಂಗ್ರಹಾಲಯದ ಕಪಾಟಿನಲ್ಲಿ ಆಗುವುದು ಹೊರಗೆ, ತೊರೆಯಲ್ಲೂ ಆಗುತ್ತದೆಯೇ? ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಡಯೇನ್ ಮೆಕ್‌ನೈಟ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ್ದು ಅಂಟಾರ್ಕ್ಟಿಕಾದಲ್ಲಿ. ಅಲ್ಲಿನ ಮೆಕ್‌ಮರ್ಡೊ ಒಣ ಕಣಿವೆಗಳಲ್ಲಿ ಮಳೆ ಇಲ್ಲ, ಮರ ಇಲ್ಲ. ಬೇಸಿಗೆಯ ಕೆಲವು ವಾರ ಹಿಮನದಿ ಕರಗಿ ಸಣ್ಣ ತೊರೆಗಳು ಹರಿಯುತ್ತವೆ. ಒಂದು ತೊರೆ ದಾರಿ ಬದಲಿಸಿದ್ದರಿಂದ ಅದರ ಹಳೆಯ ಪಾತ್ರ ಸುಮಾರು ಎರಡು ದಶಕಗಳಿಂದ ಒಣಗಿ ಬಿದ್ದಿತ್ತು. 1990ರ ದಶಕದ ಮಧ್ಯಭಾಗದಲ್ಲಿ ಈ ತಂಡ ಮರಳಿನ ಚೀಲಗಳ ಅಡ್ಡಗಟ್ಟೆ ಹಾಕಿ ಆ ಪಾತ್ರಕ್ಕೆ ನೀರು ತಿರುಗಿಸಿತು. ಒಂದು ವಾರದೊಳಗೆ ಒಣಗಿದ್ದ ನೀಲಿ-ಹಸಿರು ಪಾಚಿಯ ಚಾಪೆಗಳು ಎಚ್ಚೆತ್ತು ಬೆಳೆಯತೊಡಗಿದವು. ಹೊಸ ಬೀಜ ಬೇರೆಲ್ಲಿಂದಲೋ ಬರುವವರೆಗೆ ಅವು ಕಾಯಲಿಲ್ಲ. ಇದ್ದಲ್ಲೇ ಇದ್ದವು.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ, ಬೇಸಿಗೆಯಲ್ಲಿ ಬತ್ತುವ ಹಳ್ಳಗಳಲ್ಲಿ ಬೆಲಿಂಡಾ ರಾಬ್ಸನ್ ಮತ್ತು ಸಂಗಡಿಗರು ಇನ್ನೊಂದು ಪ್ರಶ್ನೆ ಕೇಳಿದರು. ಮಳೆ ಬಂದಾಗ ಪಾಚಿ ಎಲ್ಲಿಂದ ವಾಪಸು ಬರುತ್ತದೆ? 2004ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮೂರು ಆಶ್ರಯತಾಣಗಳ ವಿಚಾರವಿದೆ. ಒಂದು, ಕಲ್ಲಿನ ಮೇಲಿನ ಒಣ ಹಕ್ಕಳೆ. ಎರಡು, ಒಣಗಿದ ತರಗೆಲೆಯ ಮೆದೆ. ಮೂರು, ಬತ್ತದೆ ಉಳಿದ ಗುಂಡಿ.

ನಮ್ಮ ಕಣ್ಣಿಗೆ ಈ ಮೂರೂ ಏನು? ಹಕ್ಕಳೆ ಎಂದರೆ ಕೊಳೆ, ತರಗೆಲೆ ಎಂದರೆ ಕಸ, ಗುಂಡಿ ಎಂದರೆ ಪಂಪು ಇಡುವ ಜಾಗ.

ಬರದ ಮೇಲೆ ಬರ

"ಹಾಗಾದರೆ ಚಿಂತೆ ಏನು? ಮಳೆ ಬಂದರೆ ಎಲ್ಲ ಸರಿಹೋಗುತ್ತದಲ್ಲ" ಎಂದು ನೀವು ಕೇಳಬಹುದು. ಒಂದು ಬರಕ್ಕೆ ಆ ಮಾತು ಬಹುಮಟ್ಟಿಗೆ ಸರಿ. ಬರ ಪದೇ ಪದೇ ಬಂದರೆ ಸರಿಯಲ್ಲ.

ಇಂಗ್ಲೆಂಡಿನಲ್ಲಿ ಮಾರ್ಕ್ ಲೆಡ್ಜರ್ ಮತ್ತು ಸಂಗಡಿಗರು ಹಳ್ಳವನ್ನು ಹೋಲುವ ಕಾಲುವೆಗಳನ್ನು ಮಾಡಿ ಸುಮಾರು ಎರಡು ವರ್ಷ ಪ್ರಯೋಗ ನಡೆಸಿದರು. ಕೆಲವು ಕಾಲುವೆಗಳಲ್ಲಿ ನೀರು ಸದಾ ಹರಿಯಿತು. ಕೆಲವುದರಲ್ಲಿ ಆಗಾಗ ಕೆಲವು ದಿನ ನೀರು ನಿಲ್ಲಿಸಿ ಮತ್ತೆ ಬಿಟ್ಟರು. ನೀರು ಸದಾ ಹರಿದ ಕಡೆ ಕಲ್ಲುಗಳ ಮೇಲೆ ಗೋಂಗ್ರೋಸಿರಾ ಎಂಬ, ನಿಧಾನವಾಗಿ ಬೆಳೆದು ಗಟ್ಟಿ ಹೊಪ್ಪಳೆಯಾಗುವ ಹಸಿರು ಪಾಚಿ ಹರಡಿಕೊಂಡಿತು. ಮತ್ತೆ ಮತ್ತೆ ಒಣಗಿಸಿದ ಕಡೆ ಅದಕ್ಕೆ ನೆಲೆ ನಿಲ್ಲಲು ಆಗಲಿಲ್ಲ. ಅದರ ಜಾಗವನ್ನು ಬೇಗ ಬಂದು ಬೇಗ ಹರಡುವ ಡಯಾಟಮ್‌ಗಳ ಚಾಪೆ ಆಕ್ರಮಿಸಿತು. ಮೇಲಿನಿಂದ ನೋಡಿದವರಿಗೆ ಎರಡೂ ಕಡೆ ಪಾಚಿಯೇ. ಆದರೆ ಊರಿನ ಜನ ಬದಲಾಗಿದ್ದರು.

ತೋಟ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಟ್ಟವನ್ನು ಪ್ರತಿವರ್ಷ ಕಡಿಯುತ್ತ ಬಂದರೆ ಹಸಿರು ಇದ್ದೇ ಇರುತ್ತದೆ, ಆದರೆ ಅದು ಲಂಟಾನದ್ದೋ ಕಮ್ಯುನಿಸ್ಟ್ ಗಿಡದ್ದೋ ಹಸಿರು. ಹೊನ್ನೆ, ಮತ್ತಿ ಬೆಳೆಯಲು ಪುರುಸೊತ್ತು ಬೇಕು.

ಕ್ಯಾಲಿಫೋರ್ನಿಯಾದ ಈಲ್ ನದಿಯಲ್ಲಿ ಮೇರಿ ಪವರ್ ದಶಕಗಳಿಂದ ಪಾಚಿಯನ್ನು ಗಮನಿಸುತ್ತ ಬಂದವರು. ಅಲ್ಲಿ ಚಳಿಗಾಲದ ನೆರೆ ಕಲ್ಲುಗಳನ್ನು ಉರುಳಿಸಿ, ಕವಚ ಕಟ್ಟಿಕೊಂಡ ಕ್ಯಾಡಿಸ್ ಮರಿಗಳನ್ನು ಕೊಚ್ಚಿಕೊಂಡು ಹೋದರೆ, ಮುಂದಿನ ಬೇಸಿಗೆಯಲ್ಲಿ ಕ್ಲಾಡೋಫೊರಾ ಎಂಬ ಹಸಿರು ಪಾಚಿ ಮಾರುದ್ದ ಬೆಳೆದು ಅನೇಕ ಕೀಟಗಳಿಗೆ, ಅವುಗಳ ಮೂಲಕ ಮೀನುಗಳಿಗೆ ಆಹಾರವಾಗುತ್ತದೆ. ನೆರೆ ಬಾರದ ವರ್ಷ ಉಳಿದುಕೊಂಡ ಕ್ಯಾಡಿಸ್ ಮರಿಗಳು ಆ ಹಸಿರನ್ನು ಮೊಳಕೆಯಲ್ಲೇ ಮೇದುಬಿಡುತ್ತವೆ. ಬೇಸಿಗೆಯ ಹರಿವು ತೀರಾ ಇಳಿದು ನೀರು ಕಾದಾಗ ನೀಲಿ-ಹಸಿರು ಪಾಚಿಗಳದ್ದೇ ಮೇಲುಗೈ. ಅವುಗಳಲ್ಲಿ ಕೆಲವು ನರಗಳಿಗೆ ತಾಗುವ ವಿಷ ತಯಾರಿಸುತ್ತವೆ. ಆ ಚಾಪೆಗಳ ಚೂರು ನುಂಗಿದ ನಾಯಿಗಳು ಅಲ್ಲಿ ಸತ್ತಿವೆ.

ನೀಲಿ-ಹಸಿರು ಪಾಚಿಗಳೆಲ್ಲ ವಿಷವಲ್ಲ. ಆದರೆ ವಿಷ ಯಾವುದು, ಅಲ್ಲದ್ದು ಯಾವುದು ಎಂದು ಕಣ್ಣಿನಿಂದ ನೋಡಿ ಹೇಳಲಾಗದು. ಆದ್ದರಿಂದ ಪೋಷಕರಲ್ಲಿ ಒಂದು ಮಾತು. ಬೇಸಿಗೆಯಲ್ಲಿ ನಿಂತ ನೀರಿನ ಮೇಲೆ ಕಡುಹಸಿರು ಅಥವಾ ಕಪ್ಪು ಚಾಪೆ ಕಟ್ಟಿ ವಾಸನೆ ಬರುತ್ತಿದ್ದರೆ ಮಕ್ಕಳನ್ನು ಅಲ್ಲಿ ಈಜಲು ಬಿಡಬೇಡಿ. ದನ, ನಾಯಿಗಳಿಗೂ ಆ ನೀರು ಬೇಡ.

ನಮ್ಮ ಹಳ್ಳಗಳಲ್ಲಿ ಯಾವ ಜಾತಿ ಹೋಯಿತು, ಯಾವುದು ಬಂತು ಎಂದು ತಿಳಿಯಲು ಮೊದಲು ಏನಿತ್ತು ಎಂಬ ಲೆಕ್ಕ ಬೇಕಲ್ಲವೆ? ಅಂಥ ಲೆಕ್ಕ ಬರೆದಿಟ್ಟವರಲ್ಲಿ ಎಚ್.ಪಿ. ಗಾಂಧಿ ಪ್ರಮುಖರು. 1950ರ ದಶಕದಲ್ಲೇ ಅವರು ಸಾಗರ ಮತ್ತು ಹಿರೇಭಾಸ್ಕರ ಅಣೆಕಟ್ಟೆಯ ಸುತ್ತಿನ ಡಯಾಟಮ್‌ಗಳನ್ನು ಗುರುತಿಸಿ, ಚಿತ್ರ ಬಿಡಿಸಿ ಪ್ರಕಟಿಸಿದರು. ಆ ಅಣೆಕಟ್ಟೆ ಮುಂದೆ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮೇಲೆದ್ದಾಗ ಜನ ನೋಡಲು ಹೋಗುತ್ತಾರೆ. ಅದರ ಸುತ್ತಿನ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳ ಪಟ್ಟಿಯೊಂದು ಎಪ್ಪತ್ತು ವರ್ಷದ ಹಿಂದೆ ತಯಾರಾಗಿತ್ತೆಂಬುದು ಬಹಳ ಜನಕ್ಕೆ ತಿಳಿಯದು.

ನಾನೇ ಮಾಡಿದ ತಪ್ಪು

ಇಷ್ಟೆಲ್ಲ ಹೇಳುವ ನಾನು ಒಂದು ಸಲ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿದ್ದೇನೆ. 2017ರ ಬೇಸಿಗೆ, ಅದೂ ಬರದ ವರ್ಷವೇ. ಹಳ್ಳ ಸ್ವಚ್ಛಗೊಳಿಸುವ ಶ್ರಮದಾನ ಇಟ್ಟುಕೊಂಡೆವು. ಮಕ್ಕಳು ಉತ್ಸಾಹದಿಂದ ತರಗೆಲೆ ಗುಡಿಸಿ ರಾಶಿ ಹಾಕಿದರು. ಅದನ್ನು ಹಳ್ಳದ ಪಾತ್ರದಲ್ಲೇ ಸುಟ್ಟೆವು. ದುಂಡಗಿನ ಕಲ್ಲುಗಳನ್ನು ಆಯ್ದು, ತಿಕ್ಕಿ ತೊಳೆದು, ಸುಣ್ಣ ಬಳಿದು ಶಾಲೆಯ ಹೂದೋಟಕ್ಕೆ ಅಂಚು ಕಟ್ಟಿದೆವು. ಪ್ಲಾಸ್ಟಿಕ್ ಹೆಕ್ಕಿದ್ದು ಒಳ್ಳೆಯದೇ ಆಯಿತು. ಉಳಿದದ್ದಕ್ಕೂ ಎಲ್ಲರೂ ಮೆಚ್ಚಿದರು, ನಾನೂ ಹೆಮ್ಮೆಪಟ್ಟೆ.

ಜೂನ್‌ನಲ್ಲಿ ನೀರು ಬಂತು. ಎರಡು ವಾರದಲ್ಲಿ ಸಂಕದ ಮೇಲ್ಭಾಗದ ಕಲ್ಲುಗಳು ಎಂದಿನಂತೆ ಜಾರತೊಡಗಿದವು. ನಾವು ಚೊಕ್ಕಟ ಮಾಡಿದ ಐವತ್ತು ಹೆಜ್ಜೆ ಜಾಗದಲ್ಲಿ ಕಲ್ಲುಗಳು ಹಾಗೇ ಬೋಳಾಗಿದ್ದವು. ಅಲ್ಲಿ ಕಾಲಿಟ್ಟರೆ ಜಾರಲಿಲ್ಲ. ಮೇಲ್ಭಾಗದಲ್ಲಿ ಕಂಡ ಗೊದಮೊಟ್ಟೆಗಳು ಅಲ್ಲಿ ಕಾಣಲಿಲ್ಲ. ನಾನು ಅಳತೆ ಮಾಡಿಟ್ಟಿರಲಿಲ್ಲ, ಆದ್ದರಿಂದ ಇದನ್ನು ಪ್ರಯೋಗ ಎನ್ನಲಾರೆ. ಆದರೆ ವಿಜ್ಞಾನ ಕಲಿಸುವವನಾಗಿ, ಬೀಜದ ಕಣಜಕ್ಕೇ ಬೆಂಕಿ ಹಾಕಿಸಿದೆನಲ್ಲ ಎಂಬ ಅಳುಕು ಇಂದಿಗೂ ಇದೆ.

ಕೊನೆಯ ಗುಂಡಿ

2024ರ ಬೇಸಿಗೆಗೆ ಮತ್ತೆ ಬರೋಣ. ಹೊಳೆಮತ್ತಿ ಬುಡದ ಗುಂಡಿಗೆ ಕೆಳಗಿನ ತೋಟದವರು ಪಂಪು ಇಟ್ಟಿದ್ದರು. ದಿನಕ್ಕೆ ಗೇಣುದ್ದ ನೀರು ಇಳಿಯುತ್ತಿತ್ತು. ಒಮ್ಮೆಗೇ ಇಳಿದರೆ ಪಾಚಿಗೆ ಸಿದ್ಧವಾಗಲು ಸಮಯ ಸಿಗುವುದಿಲ್ಲ ಎಂದು ಮೇಲೆ ಹೇಳಿದೆನಲ್ಲ, ಅದೇ ಪರಿಸ್ಥಿತಿ. ಸಂಜೆ ಹೋಗಿ ಮಾತಾಡಿದೆ. ಅವರ ಮಗಳು ನನ್ನ ವಿದ್ಯಾರ್ಥಿನಿ, ಮೊದಲು ಹೇಳಿದ ಕಲ್ಲು ಎತ್ತಿಕೊಂಡವಳು.

"ಮೇಷ್ಟ್ರೆ, ನಿಮ್ಮ ಪಾಚಿ ಮುಖ್ಯವೋ, ನನ್ನ ಅಡಿಕೆ ಮರ ಮುಖ್ಯವೋ ನೀವೇ ಹೇಳಿ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. ಒಂದು ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಅದು ಒಣಗುವುದನ್ನು ನೋಡುತ್ತ ಕೂರಿ ಎಂದು ಯಾರಿಗೆ ಹೇಳಲಾದೀತು?

"ನೀರೇ ಎತ್ತಬೇಡಿ ಎನ್ನುತ್ತಿಲ್ಲ ಯಜಮಾನ್ರೆ. ತಳಕ್ಕೆ ಮೊಣಕಾಲುದ್ದ ಬಿಡಿ. ಇರುವ ಮೀನು ಅದರಲ್ಲಿ ಉಳಿಯುತ್ತವೆ. ಮೀನು ಉಳಿದರೆ ಸೊಳ್ಳೆಮರಿ ತಿನ್ನುತ್ತವೆ. ಮುಂದೆ ಹಳ್ಳಕ್ಕೆ ಜೀವ ಬರುವುದೂ ಇದರಿಂದಲೇ" ಎಂದೆ.

ಅವರು ಏನೂ ಹೇಳಲಿಲ್ಲ. ಮಾರನೆಯ ದಿನ ನೋಡಿದರೆ ಫುಟ್‌ವಾಲ್ವನ್ನು ಎತ್ತಿ ಒಂದು ಕಲ್ಲಿನ ಮೇಲೆ ಕೂರಿಸಿದ್ದರು. ನೀರು ಆ ಮಟ್ಟಕ್ಕೆ ಇಳಿದರೆ ಪಂಪು ಗಾಳಿ ಎಳೆಯುತ್ತದೆ. ಆ ಬೇಸಿಗೆಯಲ್ಲಿ ಅವರ ತೋಟದ ಅಂಚಿನ ಎರಡು ಸಾಲು ಸಸಿ ಒಣಗಿದವು. ಆ ಒಂದು ಗುಂಡಿ ನೀರಿನಿಂದ ಅವು ಉಳಿಯುತ್ತಿದ್ದವೋ ಇಲ್ಲವೋ ನಾನು ಹೇಳಲಾರೆ. ಅವರೂ ಆ ಮಾತು ಎತ್ತಲಿಲ್ಲ. ಆದರೆ ನಷ್ಟ ಅವರದ್ದೇ, ನನ್ನದಲ್ಲ ಎಂಬುದನ್ನು ನಾನು ಮರೆಯುವಂತಿಲ್ಲ.

ಬರಗಾಲದಲ್ಲಿ ಹಳ್ಳಕ್ಕಾಗಿ ಮಾಡಬೇಕಾದ ಕೆಲಸ ದೊಡ್ಡದಲ್ಲ. ಆಳದ ಗುಂಡಿಯನ್ನು ಪೂರ್ತಿ ಬರಿದು ಮಾಡದಿರುವುದು, ದಡದ ಮರಗಳ ನೆರಳು ಉಳಿಸುವುದು, ಒಣ ಪಾತ್ರಕ್ಕೆ ಜೆಸಿಬಿ ಇಳಿಸಿ ಕಲ್ಲು ಮರಳು ಕೆದಕದಿರುವುದು, ತರಗೆಲೆಗೆ ಬೆಂಕಿ ಹಾಕದಿರುವುದು. ಇವುಗಳಲ್ಲಿ ಹೆಚ್ಚಿನವು ಏನನ್ನಾದರೂ ಮಾಡದೆ ಇರುವ ಕೆಲಸಗಳು. ಬರ ನಮ್ಮ ಕೈಯಲ್ಲಿಲ್ಲ. ಬರ ಮುಗಿದ ಮೇಲೆ ಹಳ್ಳದಲ್ಲಿ ಯಾರು ಬದುಕಿರುತ್ತಾರೆ ಎಂಬುದು ಸ್ವಲ್ಪಮಟ್ಟಿಗೆ ನಮ್ಮ ಕೈಯಲ್ಲಿದೆ.

ನೀವೇ ಮಾಡಿ ನೋಡಿ

ಮನೆಯ ಹತ್ತಿರದ ಒಣ ಹಳ್ಳಕ್ಕೆ ದೊಡ್ಡವರ ಜೊತೆ ಹೋಗಿ. ಹಕ್ಕಳೆ ಕಟ್ಟಿದ ಒಂದೇ ಒಂದು ಸಣ್ಣ ಕಲ್ಲು ತನ್ನಿ. ಅದೇ ಗಾತ್ರದ ಇನ್ನೊಂದು ಕಲ್ಲನ್ನು ಹಳ್ಳದ ಹೊರಗಿನಿಂದ ತಂದು, ಚೆನ್ನಾಗಿ ತಿಕ್ಕಿ ಅರ್ಧ ಗಂಟೆ ಕುದಿಸಿ. ಎರಡು ಗಾಜಿನ ಲೋಟಗಳಲ್ಲಿ ಕುದಿಸಿ ಆರಿಸಿದ ಬಾವಿ ನೀರು ಹಾಕಿ ಒಂದೊಂದು ಕಲ್ಲು ಮುಳುಗಿಸಿಡಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಮೇಲೆ ತೆಳು ಬಟ್ಟೆ ಕಟ್ಟಿ, ನೇರ ಬಿಸಿಲು ಬೀಳದ, ಬೆಳಕಿರುವ ಕಿಟಕಿಯಲ್ಲಿಡಿ.

ದಿನವೂ ಒಂದೇ ಹೊತ್ತಿಗೆ ನೋಡಿ, ಕಲ್ಲಿನ ಬಣ್ಣ, ನೀರಿನ ಬಣ್ಣ, ಗುಳ್ಳೆ ಇದೆಯೇ ಎಂಬುದನ್ನು ತಾರೀಖಿನ ಜೊತೆ ಬರೆದಿಡಿ. ಎರಡು ವಾರ ಬಿಡಬೇಡಿ. ಏನೂ ಕಾಣದಿದ್ದರೆ ಅದನ್ನೂ ಬರೆಯಿರಿ, ಅದೂ ಫಲಿತಾಂಶವೇ. ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಮೊದಲ ದಿನ, ಏಳನೆಯ ದಿನ, ಹದಿನಾಲ್ಕನೆಯ ದಿನ ಒಂದೊಂದು ಹನಿ ನೋಡಿ ಚಿತ್ರ ಬರೆಯಿರಿ. ಪ್ರತಿ ಸಲ ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಮುಗಿದ ಮೇಲೆ ಹಳ್ಳದ ಕಲ್ಲನ್ನು ತಂದ ಜಾಗದಲ್ಲೇ ಇಟ್ಟುಬನ್ನಿ.

ಆ ಹುಡುಗಿಯ ಕಲ್ಲಿಗೆ ಏನಾಯಿತು ಎಂದಿರಾ? ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಕಪ್ಪು ಹಕ್ಕಳೆ ಉಬ್ಬಿ ಮೆತ್ತಗಾಯಿತು. ಎಂಟನೆಯ ದಿನ ಅದರ ಅಂಚಿನಲ್ಲಿ ಹಸಿರು ಕಂಡಿತು. ಸೂಕ್ಷ್ಮದರ್ಶಕದ ಕೆಳಗೆ ನೀಲಿ-ಹಸಿರು ಎಳೆಗಳಿದ್ದವು, ಒಂದಷ್ಟು ಡಯಾಟಮ್‌ಗಳ ಖಾಲಿ ಚಿಪ್ಪುಗಳಿದ್ದವು. ಬಹಳ ಹೊತ್ತು ಕಣ್ಣಿಟ್ಟು ನೋಡಿದ ಮೇಲೆ, ದೋಣಿಯಂಥ ಒಂದೇ ಒಂದು ಡಯಾಟಮ್ ಮೆಲ್ಲಗೆ ಸರಿಯುತ್ತಿರುವುದು ಕಂಡಿತು.

"ಸಾರ್, ಇದು ಸತ್ತಿಲ್ಲ" ಎಂದಳು. ಆ ದಿನದ ನೋಟ್ ಪುಸ್ತಕದಲ್ಲಿ ಅವಳು ಬರೆದದ್ದೂ ಅಷ್ಟೇ.